ಅರವಟಿಗೆಯ ಬೋರ್ಡು

ಬಳ್ಳಾರಿಯಲ್ಲಿ ಬೆಟ್ಟದ ಬಂಡೆ ಮಾರ್ಚ್ ತಿಂಗಳಿಗೇ ಕಾದು, ಹೊತ್ತು ಮುಳುಗಿದ ಮೇಲೂ ಬಿಸಿ ಉಗುಳುತ್ತಿರುತ್ತದೆ. ನನ್ನ ಮನೆ ಕೌಲ್ ಬಜಾರಿನ ಕಡೆ, ರಸ್ತೆಗೆ ಅಂಟಿಕೊಂಡೇ ಇದೆ. ಜೀನ್ಸ್ ಘಟಕಗಳಿಗೆ ಹೋಗಿಬರುವವರು ನಮ್ಮ ಬಾಗಿಲ ಮುಂದೆಯೇ ನಡೆಯಬೇಕು. ನಾನೂ ಅದೇ ಕಸುಬಿನವನು. ಕಿಟಕಿಯ ಪಕ್ಕ ಮಿಷನ್ ಹಾಕಿಕೊಂಡು, ಪೀಸಿಗೆ ಇಷ್ಟು ಎಂದು ಹೊಲಿಯುತ್ತೇನೆ.

ನಮ್ಮ ಕ್ರೈಸ್ತರ ಉಪವಾಸ ಕಾಲ ಶುರುವಾಗುವ ಬೂದಿ ಬುಧವಾರ 2025ರಲ್ಲಿ ಮಾರ್ಚ್ 5ಕ್ಕೆ ಬಂದಿತ್ತು. ಅಲ್ಲಿಂದ ಈಸ್ಟರ್‌ವರೆಗೆ, ಭಾನುವಾರಗಳನ್ನು ಬಿಟ್ಟರೆ, 40 ದಿನ. ಪ್ರತಿವರ್ಷ ಈ ದಿನಗಳಲ್ಲಿ ಮಾಂಸ ಬಿಡುತ್ತಿದ್ದೆ. ಬಿಟ್ಟಿದ್ದೇನೆಂದು ನಾಲ್ಕು ಜನಕ್ಕೆ ಹೇಳುತ್ತಲೂ ಇದ್ದೆ. ಆ ಸಲ ಉಳಿದ ದುಡ್ಡಿನಲ್ಲಿ ಅರವಟಿಗೆ ಇಡೋಣ ಅನ್ನಿಸಿತು.

ಎರಡು ಹೊಸ ಗಡಿಗೆ ತಂದೆ. ಹೊಸ ಗಡಿಗೆಯಲ್ಲಿ ಮಣ್ಣಿನ ವಾಸನೆ ಇರುತ್ತದೆ, ಒಂದೆರಡು ದಿನ ನೀರು ತುಂಬಿಸಿ ಚೆಲ್ಲಬೇಕು. ಮರಳು ಹಾಸಿ, ಅದರ ಮೇಲೆ ಗಡಿಗೆ ಕೂರಿಸಿ, ಸುತ್ತ ಗೋಣಿಚೀಲ ಕಟ್ಟಿ ಆಗಾಗ ನೀರು ಚಿಮುಕಿಸಿದೆ. ಗಡಿಗೆ ಸಣ್ಣಗೆ ಬೆವರುತ್ತಿರಬೇಕು. ಆ ಬೆವರು ಆರಿದಷ್ಟೂ ಒಳಗಿನ ನೀರು ತಂಪು. ನಮ್ಮ ಒಣಗಾಳಿಗೆ ಇದು ಬಹಳ ಚೆನ್ನಾಗಿ ನಡೆಯುತ್ತದೆ. ಲೋಟ ಮಾಯವಾಗದಿರಲೆಂದು ಸರಪಳಿ ಬಿಗಿದೆ. ಇಷ್ಟಕ್ಕೇ ಬಿಡಬಹುದಿತ್ತು. ನನ್ನ ಹೆಸರಿನ ಒಂದು ಫ್ಲೆಕ್ಸ್ ಕೂಡ ಮಾಡಿಸಿದೆ.

ಧರ್ಮ ಕೊಡುವಾಗ ನಿನ್ನ ಮುಂದೆ ತುತೂರಿ ಊದಿಸಬೇಡ ಎಂದು ಮತ್ತಾಯನ ಸುವಾರ್ತೆಯ ಆರನೇ ಅಧ್ಯಾಯದಲ್ಲಿದೆ. ಚಿಕ್ಕಂದಿನಿಂದ ಓದಿದ್ದೇನೆ. ತುತೂರಿ ಊದುವವರು ಬೇರೆ ಯಾರೋ ಎಂದುಕೊಂಡೇ ಓದಿದ್ದೆ.

ಎರಡನೇ ವಾರ ರಸ್ತೆಯ ಆಚೆ ಬದಿಯ ಅಂಗಡಿಯವರೂ ಅರವಟಿಗೆ ಇಟ್ಟರು, ತೀರಿಹೋದ ತಂದೆಯ ಸ್ಮರಣಾರ್ಥ. ಐಸ್ ಹಾಕಿದ ನೀರು, ಮೇಲೆ ಶಾಮಿಯಾನದ ನೆರಳು. ಜನ ಆ ಕಡೆ ತಿರುಗಿದರು. ನಾನು ಕಿಟಕಿಯಲ್ಲಿ ಕುಳಿತು ಎಣಿಸತೊಡಗಿದೆ: ಅಲ್ಲಿಗೆ ಎಷ್ಟು ಜನ, ಇಲ್ಲಿಗೆ ಎಷ್ಟು ಜನ. ಒಂದು ಸಂಜೆ ನನ್ನ ಗಡಿಗೆ ಅರ್ಧದಷ್ಟು ಹಾಗೆಯೇ ಉಳಿಯಿತು. ಗಿಡಕ್ಕೆ ಚೆಲ್ಲುವಾಗ ಕೈ ಒರಟಾಯಿತು. ಜನರ ದಾಹ ತೀರಿತಲ್ಲ ಎಂದು ನನಗೆ ಸಂಕಟ! ಅದೂ ಸತ್ತ ಒಬ್ಬ ಮನುಷ್ಯನ ಮೇಲೆ ಹೊಟ್ಟೆಕಿಚ್ಚು. ಇದನ್ನು ನಾಚಿಕೆಯಿಲ್ಲದೆ ಬರೆಯಲು ಆಗುತ್ತಿಲ್ಲ.

1810ರಲ್ಲಿ ಲಂಡನ್ ಮಿಷನರಿ ಸೊಸೈಟಿಯ ಪಾದ್ರಿ ಜಾನ್ ಹ್ಯಾಂಡ್ಸ್ ಇದೇ ಊರಿಗೆ ಬಂದು, ಕನ್ನಡ ಕಲಿತು, ಬೈಬಲ್ ಅನುವಾದಕ್ಕೆ ಕುಳಿತವರು. ನಾವು ಇಂದು ಓದುವ ಕನ್ನಡ ಅವರ ನಂತರದ ಪರಿಷ್ಕರಣೆ. ಅದರಲ್ಲಿ ಕೊರಿಂಥದವರಿಗೆ ಬರೆದ ಮೊದಲ ಪತ್ರಿಕೆಯ 13ನೇ ಅಧ್ಯಾಯ ತೆಗೆದೆ. ಪ್ರೀತಿ ಹೊಟ್ಟೆಕಿಚ್ಚುಪಡುವುದಿಲ್ಲ, ಹೊಗಳಿಕೊಳ್ಳುವುದಿಲ್ಲ, ಉಬ್ಬಿಕೊಳ್ಳುವುದಿಲ್ಲ. ಮೂರೂ ನನ್ನ ಮನೆ ಮುಂದೆಯೇ ಸಾಲಾಗಿ ನಿಂತಿದ್ದವು. ‘ಉಬ್ಬಿಕೊಳ್ಳುವುದಿಲ್ಲ’ ಎಂಬಲ್ಲಿಗೆ ಬಂದಾಗ ಹೆಂಡತಿ ಹಂಚಿನ ಮುಂದೆ ಜೋಳದ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಕಡೆ ರೊಟ್ಟಿ ಉಬ್ಬಿದರೆ ಹೊಗಳುತ್ತಾರೆ. “ಉಬ್ಬಿದ್ದರ ಒಳಗೆ ಏನಿದೆ, ಹಬೆ ತಾನೆ” ಎಂದು ಅವಳು ಬೆರಳಿನಿಂದ ಒಂದನ್ನು ಒತ್ತಿದಳು. ಅದು ಪುಸ್ಸೆಂದು ಕೂತಿತು. ಅವಳು ರೊಟ್ಟಿಯ ಬಗ್ಗೆಯೇ ಹೇಳಿದಳೋ ನನಗೇ ಹೇಳಿದಳೋ, ಕೇಳಲಿಲ್ಲ.

ಮರುದಿನ ಫ್ಲೆಕ್ಸ್ ಬಿಚ್ಚಿ ಸೌದೆಯ ಮೇಲೆ ಹೊದಿಸಿದೆ. ಅಷ್ಟಕ್ಕೇ ಮನಸ್ಸು ಬದಲಾಯಿತೆಂದರೆ ಸುಳ್ಳು. ಬಿಚ್ಚಿದ್ದನ್ನು ಯಾರಾದರೂ ಗಮನಿಸಿದರೇ ಎಂದು ನೋಡುತ್ತಿದ್ದೆ. ಅಹಂಕಾರ ಅಂಗಿ ಬದಲಿಸಿಕೊಂಡು ಬಂದಿತ್ತು ಅಷ್ಟೇ. ಪ್ರಾರ್ಥನೆಗಿಂತ ಮೊದಲು ಕೈಹಿಡಿದದ್ದು ಒಂದು ಬಡಗಿಕೆಲಸ: ಹೊಲಿಗೆ ಮಿಷನ್ನಿನ ಮೇಜನ್ನು ಕಿತ್ತು, ಕಿಟಕಿಯಿಂದ ಗೋಡೆಯ ಕಡೆಗೆ ತಿರುಗಿಸಿ ಹಾಕಿದೆ. ಬೆಳಕು ಕಡಿಮೆಯಾಗಿ ಒಂದೆರಡು ಹೊಲಿಗೆ ಸೊಟ್ಟಗಾದವು. ಎಣಿಕೆ ನಿಂತಿತು. ಗಡಿಗೆ ತುಂಬಿಸುವುದನ್ನು ನಸುಕಿನ ಐದಕ್ಕೆ ಮುಗಿಸತೊಡಗಿದೆ.

ಮಾರ್ಚ್ 30ರ ಯುಗಾದಿಗೆ ಊರಿಗೆ ಹೋದ ಅಂಗಡಿಯ ಹುಡುಗ ವಾರವಾದರೂ ಬರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರ ಡ್ರಮ್ ಬರಿದಾಗುತ್ತಿತ್ತು. ಮೊದಲ ದಿನ ನೋಡಿ ಸುಮ್ಮನಾದೆ, ಒಳಗೊಳಗೇ ಖುಷಿಯೂ ಆಯಿತು. ಮೂರನೇ ದಿನ ಕೊಡ ಎತ್ತಿಕೊಂಡು ಹೋದೆ. ಅಂಗಡಿಯವರು, “ನಿಮ್ಮದೇ ಇದೆಯಲ್ಲ ಅಣ್ಣ, ನಿಮಗೇಕೆ ತೊಂದರೆ” ಎಂದರು. ನನ್ನ ಗಡಿಗೆಗಳನ್ನೂ ಆ ನೆರಳಿಗೇ ಸಾಗಿಸಿದೆ.

ಮೂರು ಗಂಟೆಯ ಸುಡುಬಿಸಿಲಿನಲ್ಲಿ, ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತ ಮುದುಕಿಯೊಬ್ಬಳು ಬಂದಳು. ಲೋಟ ಬೇಡವೆಂದು ಬೊಗಸೆ ಒಡ್ಡಿದಳು. ನಾನು ಸುರಿದೆ. ಕುಡಿದು, ಒದ್ದೆ ಕೈಯನ್ನು ಕಣ್ಣಿಗೆ ಒತ್ತಿಕೊಂಡು, ತಲೆ ಎತ್ತಿ ಬೋರ್ಡಿನ ಮೇಲಿನ ಫೋಟೋ ನೋಡಿದಳು. “ಪುಣ್ಯಾತ್ಮ, ಎಲ್ಲಿದ್ದರೂ ತಣ್ಣಗಿರಲಪ್ಪ” ಎಂದು ಕೈಮುಗಿದಳು. ಆಮೇಲೆ ನನ್ನ ಕಡೆ ತಿರುಗಿ, “ಒಳ್ಳೆಯ ಮನುಷ್ಯ, ಅಲ್ಲವೇನಪ್ಪ?” ಎಂದು ಕೇಳಿದಳು.

“ಹೌದು ತಾಯಿ, ಒಳ್ಳೆಯವರು” ಎಂದೆ. ಅಷ್ಟು ಹೇಳಲು, ಅವಳ ಬೊಗಸೆ ಇನ್ನೊಮ್ಮೆ ತುಂಬುವಷ್ಟು ಹೊತ್ತು ಹಿಡಿಯಿತು.