ಜೀಪಿನ ಮೇಲೆ ಸ್ವಂತ ಕೈಯ ಕ್ಯಾರಿಯರ್: ಪೈಪು ಹಗುರ, ಕಾಲು ಗಟ್ಟಿ

ಪುಣೆಯಿಂದ ತಾಮ್ಹಿಣಿ ಘಾಟಿಗೋ, ಬೆಳಗಾವಿ ದಾಟಿ ದಾಂಡೇಲಿಯ ಕಡೆಗೋ ಮನೆಮಂದಿಯೊಡನೆ ಹೊರಡುವವರ ಜಿಪ್ಸಿ, ಜಿಮ್ನಿಗಳಲ್ಲಿ ಮೊದಲು ಸಾಲದಾಗುವುದು ಜಾಗ. ನಾಲ್ವರು ಕುಳಿತ ಮೇಲೆ ಹಿಂದೆ ಉಳಿಯುವ ಸಂದಿಯಲ್ಲಿ ಟೆಂಟು, ಹಾಸಿಗೆ, ಅಡುಗೆಯ ಸಾಮಾನು ಹಿಡಿಸುವುದಿಲ್ಲವಾದ್ದರಿಂದ ಕಣ್ಣು ತಾನಾಗಿಯೇ ವಾಹನದ ಮಾಡಿನ ಮೇಲೆ ಹೋಗುತ್ತದೆ. ವೆಲ್ಡಿಂಗ್ ಬಲ್ಲವರು, ಅಥವಾ ಫ್ಯಾಬ್ರಿಕೇಷನ್ ಅಂಗಡಿಯಲ್ಲಿ ನಿಂತು ತಮಗೆ ಬೇಕಾದಂತೆ ಕೆಲಸ ಮಾಡಿಸಿಕೊಳ್ಳಬಲ್ಲವರು, ಮಾಡಿನ ಮೇಲೆ ಸಾಮಾನು ಹೊರುವ ಕ್ಯಾರಿಯರನ್ನು ತಾವೇ ಕಟ್ಟಿಕೊಳ್ಳಬಹುದು. ದಪ್ಪ ಪೈಪು ಹಾಕಿದಷ್ಟೂ ಒಳ್ಳೆಯದೆಂಬ ನಂಬಿಕೆಯನ್ನು ಮಾತ್ರ ಮೊದಲೇ ಬಿಡಬೇಕು.

ಪೈಪು ಕೊಳ್ಳುವ ಮುನ್ನ ವಾಹನದ ಜೊತೆ ಬಂದ ಕೈಪಿಡಿಯನ್ನು ತೆರೆದು, ಮಾಡಿನ ಮೇಲೆ ಎಷ್ಟು ಕಿಲೋ ಹೊರಿಸಬಹುದೆಂದು ಕಂಪನಿ ಹೇಳಿದೆ ಎಂಬುದನ್ನು ನೋಡಬೇಕು. ಆ ಲೆಕ್ಕದಲ್ಲಿ ಕ್ಯಾರಿಯರಿನ ತೂಕವೂ ಸೇರುತ್ತದೆ: ಮಿತಿ 50 ಕಿಲೋ ಇದ್ದು ಕ್ಯಾರಿಯರೇ 30 ಕಿಲೋ ತೂಗಿದರೆ ಸಾಮಾನಿಗೆ ಉಳಿಯುವುದು 20 ಕಿಲೋ ಮಾತ್ರ. ನಿಂತ ವಾಹನದ ಮಾಡು ಇದಕ್ಕಿಂತ ಹೆಚ್ಚು ಹೊರುತ್ತದೆ ಎಂಬುದು ನಿಜವಾದರೂ, ಕಲ್ಲುಹಾದಿಯಲ್ಲಿ ಕುಲುಕುವಾಗ ಅದೇ ಭಾರ ಹಲವು ಪಟ್ಟಾಗಿ ಬಡಿಯುವುದರಿಂದ ಆ ಸಮಾಧಾನ ಉಪಯೋಗಕ್ಕೆ ಬರುವುದಿಲ್ಲ. ಭಾರ ಮೇಲೇರಿದಂತೆ ವಾಹನದ ಗುರುತ್ವ ಕೇಂದ್ರವೂ ಮೇಲೇರಿ, ಪಕ್ಕಕ್ಕೆ ವಾಲಿದ ದಾರಿಯಲ್ಲಿ ಮಗುಚುವ ಅಪಾಯ ಹೆಚ್ಚುತ್ತದೆ.

ಕಾನೂನಿನ ಮಾತೂ ಇದೆ. ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ವಿಧಿ ತಡೆಯುತ್ತದೆ. ಆದ್ದರಿಂದ ಮಾಡಿಗೆ ತೂತು ಕೊರೆದು, ಬೆಸುಗೆ ಹಾಕಿ ಕೂಡಿಸುವ ಯೋಚನೆ ಬೇಡ. ಕೇವಲ ಬೋಲ್ಟುಗಳಿಂದ ನಿಲ್ಲುವ, ಪ್ರಯಾಣ ಮುಗಿದ ಮೇಲೆ ಕಳಚಿಡಬಹುದಾದ ಕ್ಯಾರಿಯರೇ ಲೇಸು. ಅನುಮಾನವಿದ್ದವರು ಆರ್‌ಟಿಒ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳಲಿ. ಸೊಸೈಟಿಯ ನೆಲಮಾಳಿಗೆಯಲ್ಲಿ ಗಾಡಿ ನಿಲ್ಲಿಸುವವರು ಅಲ್ಲಿನ ತೊಲೆಯ ಎತ್ತರವನ್ನೂ ಅಳೆದುಕೊಳ್ಳಬೇಕು.

ಇಲ್ಲಿ ವಿವರಿಸುವುದು ಮಾಡಿನ ಎರಡೂ ಅಂಚಿನಲ್ಲಿ ನೀರು ಹರಿಯಲು ಗಟರ್ ಇರುವ, ಲೋಹದ ಮಾಡಿನ ವಾಹನಗಳಿಗೆ ಹೊಂದುವ ವಿಧಾನ. ಕ್ಯಾನ್ವಾಸ್ ಹೊದಿಕೆಯ ಥಾರ್‌ನಂಥವುಗಳಿಗೆ ಇದು ನಡೆಯುವುದಿಲ್ಲ. ಅಳತೆಯನ್ನು ಒಂದು ಗಟರಿನಿಂದ ಇನ್ನೊಂದಕ್ಕೆ ಮುಂದೆ, ನಡುವೆ, ಹಿಂದೆ ಎಂದು ಮೂರು ಕಡೆ ತೆಗೆಯಬೇಕು, ಏಕೆಂದರೆ ಹಲವು ವಾಹನಗಳಲ್ಲಿ ಈ ಮೂರೂ ಒಂದೇ ಇರುವುದಿಲ್ಲ. ಉದಾಹರಣೆಗೆ 150 ಸೆಂ.ಮೀ. ಉದ್ದ, 120 ಸೆಂ.ಮೀ. ಅಗಲದ ಚೌಕಟ್ಟನ್ನು ಇಟ್ಟುಕೊಳ್ಳೋಣ.

ಇದಕ್ಕೆ 25 ಮಿ.ಮೀ. ಚೌಕದ, 16 ಗೇಜ್‌ನ ಎಂಎಸ್ (ಮೈಲ್ಡ್ ಸ್ಟೀಲ್, ಅಂದರೆ ಸಾದಾ ಕಬ್ಬಿಣ) ಪೈಪು ಸಾಕು; ಗೇಜ್ ಸಂಖ್ಯೆ ಇಳಿದಷ್ಟೂ ಪೈಪಿನ ಗೋಡೆ ದಪ್ಪ. ಇದು ಮೀಟರಿಗೆ ಸುಮಾರು 1.2 ಕಿಲೋ ತೂಗುತ್ತದೆ. ಇದೇ ಚೌಕಟ್ಟನ್ನು ಒಂದೂವರೆ ಇಂಚಿನ 14 ಗೇಜ್ ಪೈಪಿನಲ್ಲಿ ಕಟ್ಟಿದರೆ ತಳಭಾಗವೊಂದೇ 25 ಕಿಲೋ ದಾಟುತ್ತದೆ. ಅಲ್ಯೂಮಿನಿಯಂ ಇದಕ್ಕಿಂತ ಹಗುರವಾದರೂ ಅದಕ್ಕೆ ಆರ್ಗಾನ್ ವೆಲ್ಡಿಂಗ್ ಬೇಕು, ಶಾಖ ತಗುಲಿದ ಜಾಗದಲ್ಲಿ ಅದರ ಬಲವೂ ಕುಗ್ಗುತ್ತದೆ. ಮೊದಲ ಪ್ರಯತ್ನಕ್ಕೆ ಕಬ್ಬಿಣವೇ ವಾಸಿ. ಪುಣೆಯ ಭವಾನಿ ಪೇಠದ ಅಂಗಡಿಗಳಲ್ಲಿ 20 ಅಡಿಯ ಎರಡು ಪೈಪು ಕೊಂಡರೆ ತಳಕ್ಕೆ ಸರಿಹೋಗುತ್ತದೆ. ಒಂದರಲ್ಲಿ 150ರ ಎರಡು, 120ರ ಎರಡು ತುಂಡುಗಳು ಬರುತ್ತವೆ. ಇನ್ನೊಂದರಲ್ಲಿ ಐದು ಅಡ್ಡಪಟ್ಟಿಗಳು. ಅಡ್ಡಪಟ್ಟಿಗಳು ಚೌಕಟ್ಟಿನ ಒಳಗೆ ಕೂರುವುದರಿಂದ ಅವುಗಳ ಉದ್ದ 120 ಅಲ್ಲ, 115 ಸೆಂ.ಮೀ. ಎಂಬುದನ್ನು ಮರೆತರೆ ಅವು ಒಳಗೆ ಕೂರುವುದಿಲ್ಲ. ಸಾಮಾನು ಜಾರದಂತೆ ತಡೆಯುವ ಮೇಲಿನ ಕಂಬಿಗೆ ಮುಕ್ಕಾಲು ಇಂಚಿನ 18 ಗೇಜ್ ದುಂಡು ಪೈಪು ಒಂದು ಸಾಕು: ಕಂಬಿ ಮೂರು ಬದಿಗೆ ಮಾತ್ರ, ಸಾಮಾನು ಏರಿಸಲು ಹಿಂಬದಿ ತೆರೆದೇ ಇರಲಿ. ಬೋಲ್ಟು, ನೈಲಾಕ್ ನಟ್ಟು (ಕುಲುಕಿದರೂ ಸಡಿಲವಾಗದ ನಟ್ಟು), ಬಿಗಿಯುವ ಪಟ್ಟಿಗಳು ರವಿವಾರ ಪೇಠದ ಬೋಹರಿ ಆಳಿಯಲ್ಲಿ ಸಿಗುತ್ತವೆ.

ಚೌಕಟ್ಟಿನ ನಾಲ್ಕು ಮೂಲೆಗಳನ್ನು 45 ಡಿಗ್ರಿಗೆ ಕತ್ತರಿಸಿ, ಸಮತಟ್ಟಾದ ನೆಲದ ಮೇಲೆ ಜೋಡಿಸಿ, ಮೊದಲು ಚುಕ್ಕೆ ಬೆಸುಗೆಯನ್ನಷ್ಟೇ ಹಾಕಬೇಕು. ಭೋಸರಿಯಲ್ಲಿ ಕೆಲಸ ಮಾಡುವ, ಇಂಡಿ ತಾಲ್ಲೂಕಿನ ಕಡೆಯ ವೆಲ್ಡರೊಬ್ಬರು ಇದನ್ನು ತಮ್ಮದೇ ರೀತಿಯಲ್ಲಿ ಹೇಳುತ್ತಾರೆ: "ಸರ್ರ, ನಾಕೂ ಮೂಲಿಗೆ ಬರೇ ಟ್ಯಾಕ್ ಹಾಕಿ ಮೂಲಿಂದ ಮೂಲಿಗೆ ಟೇಪ್ ಹಿಡೀರಿ. ಪೂರಾ ವೆಲ್ಡ್ ಮಾಡಿದ ಮ್ಯಾಲ ಅಳದ್ರ ಏನ್ ಬಂತ್ರಿ?" ನಮ್ಮ ಅಳತೆಗೆ ಎರಡೂ ಕರ್ಣಗಳು 192 ಸೆಂ.ಮೀ. ಆಸುಪಾಸಿನಲ್ಲಿ, ಒಂದಕ್ಕೊಂದು ಸಮವಾಗಿರಬೇಕು. ಆಮೇಲೆ ಅಡ್ಡಪಟ್ಟಿಗಳನ್ನು ಸುಮಾರು 22 ಸೆಂ.ಮೀ. ಅಂತರದಲ್ಲಿ ಕೂರಿಸಿ, ಒಂದೇ ಕಡೆ ಸತತವಾಗಿ ಬೆಸೆಯದೆ, ಎದುರುಬದುರಿನ ಮೂಲೆಗಳಿಗೆ ಸರದಿಯಂತೆ ಹೋಗಬೇಕು. ಇಲ್ಲವಾದರೆ ಶಾಖಕ್ಕೆ ಚೌಕಟ್ಟು ಸೊಟ್ಟಗಾಗುತ್ತದೆ. ಪೈಪಿನ ಗೋಡೆ ತೆಳುವಾಗಿರುವುದರಿಂದ 2.5 ಮಿ.ಮೀ. ರಾಡು, ಕಡಿಮೆ ಕರೆಂಟು ಬಳಸಬೇಕು. ಜಿಐ (ಸತು ಲೇಪಿಸಿದ) ಪೈಪನ್ನು ಬೆಸೆಯುವಾಗ ಏಳುವ ಸತುವಿನ ಹೊಗೆ ಜ್ವರ ತರಿಸುತ್ತದೆಯಾದ್ದರಿಂದ ಅದನ್ನು ದೂರವಿಡುವುದೇ ಒಳಿತು. ವಾಹನದ ಮೇಲೆ ಇಟ್ಟುಕೊಂಡು ಬೆಸುಗೆ ಹಾಕಬಾರದು: ಕಿಡಿ ಗಾಜಿಗೂ ಬಣ್ಣಕ್ಕೂ ಹಾನಿ, ಕರೆಂಟು ಎಲೆಕ್ಟ್ರಾನಿಕ್ ಭಾಗಗಳಿಗೆ ಹಾನಿ.

ಇನ್ನು ಕಾಲುಗಳು. ಕ್ಯಾರಿಯರಿನ ನಿಜವಾದ ಬಲ ಇರುವುದು ಇಲ್ಲಿ. ಬದಿಗೆ ಮೂರರಂತೆ ಆರು ಕಾಲುಗಳಿರಲಿ, ಅವು ಸಾಧ್ಯವಾದಷ್ಟೂ ಬಾಗಿಲ ಕಂಬಗಳ ನೇರಕ್ಕೆ ಬರಲಿ. ಪ್ರತಿ ಕಾಲಿಗೂ 5 ಮಿ.ಮೀ. ದಪ್ಪದ ಪಟ್ಟಿಯ ಎರಡು ತುಂಡು ಬೇಕು: ಒಂದು ಗಟರಿನ ತೋಡಿನೊಳಗೆ ಕುಳಿತು ಭಾರ ಹೊರುತ್ತದೆ, ತುದಿ ಬಗ್ಗಿಸಿ ಕೊಕ್ಕೆಯಾಗಿಸಿದ ಇನ್ನೊಂದು ಹೊರಗಿನಿಂದ ಬಂದು ಗಟರಿನ ಅಂಚನ್ನು ಕೆಳಗೆ ಕಚ್ಚಿ ಹಿಡಿಯುತ್ತದೆ, 8 ಮಿ.ಮೀ. ಬೋಲ್ಟುಗಳು ಎರಡನ್ನೂ ಬಿಗಿಯುತ್ತವೆ. ಲೋಹಕ್ಕೆ ಲೋಹ ತಾಗದಂತೆ ಹಳೆಯ ಟ್ಯೂಬಿನ ರಬ್ಬರು ನಡುವೆ ಇರಬೇಕು. ಮಾಡು ಉದ್ದಕ್ಕೂ ಬಾಗಿರುವ ಕಾರಣ ಆರೂ ಕಾಲುಗಳ ಎತ್ತರ ಒಂದೇ ಆಗುವುದಿಲ್ಲ. ಮುಂದಿನಿಂದ ಹಿಂದಕ್ಕೆ ದಾರ ಎಳೆದು ಹಿಡಿದು, ಮಾಡಿನ ಅತಿ ಎತ್ತರದ ಜಾಗದಿಂದಲೂ ಚೌಕಟ್ಟು 5 ಸೆಂ.ಮೀ. ಮೇಲಿರುವಂತೆ ಪ್ರತಿ ಕಾಲನ್ನೂ ಪ್ರತ್ಯೇಕವಾಗಿ ಅಳೆದು ಕತ್ತರಿಸಬೇಕು. ಕೊಕ್ಕೆಗಳನ್ನು ಸಡಿಲವಾಗಿ ಸಿಕ್ಕಿಸಿದ ಕೂಡಲೇ ಎಲ್ಲ ಬಾಗಿಲುಗಳನ್ನೂ ಪೂರ್ತಿ ತೆರೆದು ನೋಡಬೇಕು; ಬಾಗಿಲಿನ ಮೇಲಂಚು ಕೊಕ್ಕೆಗೆ ಉಜ್ಜುತ್ತಿದ್ದರೆ ಈಗಲೇ ಅರದಿಂದ ತೇಯುವುದು ಸುಲಭ. ಬೋಲ್ಟು, ಕಾಲುಗಳೆಲ್ಲ ಸೇರಿ ಇಡೀ ಕ್ಯಾರಿಯರು 20 ಕಿಲೋ ಆಸುಪಾಸಿನಲ್ಲಿ ಮುಗಿಯುತ್ತದೆ.

ಸಹ್ಯಾದ್ರಿಯ ಮಳೆಯಲ್ಲಿ ಪೈಪು ತುಕ್ಕು ಹಿಡಿಯುವುದು ಹೊರಗಿನಿಂದ ಮಾತ್ರವಲ್ಲ, ಒಳಗಿನಿಂದಲೂ. ತೆರೆದ ತುದಿಗಳನ್ನೆಲ್ಲ ಬೆಸೆದು ಮುಚ್ಚಿ, ತಳದ ಪೈಪುಗಳ ಕೆಳಮುಖಕ್ಕೆ 5 ಮಿ.ಮೀ. ರಂಧ್ರ ಕೊರೆದರೆ ಹೇಗೋ ಒಳಸೇರಿದ ನೀರು ಇಳಿದುಹೋಗುತ್ತದೆ. ಬಳಿಕ ಉಜ್ಜಿ, ಥಿನ್ನರಿನಿಂದ ಜಿಡ್ಡು ತೆಗೆದು, ಎಪಾಕ್ಸಿ ಪ್ರೈಮರ್ ಮತ್ತು ಎರಡು ಕೋಟು ಬಣ್ಣ. ಪೌಡರ್ ಕೋಟಿಂಗ್ ನೋಡಲು ಚೆಂದ. ಆದರೆ ಕೊಂಬೆ ಗೀರಿದ ಕಡೆ ಅದರಡಿ ತುಕ್ಕು ಕಾಣದಂತೆ ಹರಡುತ್ತದೆ, ಬಣ್ಣವನ್ನಾದರೋ ಕುಂಚ ಹಿಡಿದು ಮನೆಯಲ್ಲೇ ತಿದ್ದಬಹುದು.

ಕೂರಿಸಿದ ಮೇಲೆ ಚೌಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಜಗ್ಗಿರಿ: ವಾಹನವೇ ಸ್ಪ್ರಿಂಗಿನ ಮೇಲೆ ತೂಗಬೇಕೇ ಹೊರತು ಕಾಲುಗಳು ಕದಲಬಾರದು. ಮೊದಲು ಬರಿದಾಗಿ ಓಡಿಸಿ, ಸುಮಾರು 50 ಕಿ.ಮೀ. ಆದ ಮೇಲೆ ಬೋಲ್ಟುಗಳನ್ನು ಮತ್ತೆ ಬಿಗಿಯಬೇಕು. ರಬ್ಬರು ಅಷ್ಟರಲ್ಲಿ ತುಸು ಕುಗ್ಗಿರುತ್ತದೆ. ವೇಗದಲ್ಲಿ ಮುಂದಿನ ಪಟ್ಟಿ ಸಿಳ್ಳೆ ಹಾಕತೊಡಗಿದರೆ ಅದಕ್ಕೆ ಹಗ್ಗವನ್ನು ಸುರುಳಿಯಾಗಿ ಸುತ್ತಿದರೆ ಸದ್ದು ತಗ್ಗುತ್ತದೆ. ಮೇಲೆ ಟೆಂಟು, ಚಾಪೆ, ಹೊದಿಕೆಯಂಥ ಹಗುರ ಸಾಮಾನು ಮಾತ್ರ. 20 ಲೀಟರಿನ ನೀರಿನ ಕ್ಯಾನ್ ಒಳಗೆ ನೆಲದ ಮೇಲೇ ಇರಲಿ, ಇಂಧನವನ್ನು ಮೇಲೆ ಕಟ್ಟಲೇಬಾರದು. ಸಾಮಾನಿನ ಮೇಲೆ ಹೊದಿಸುವ ಜಾಲರಿಯೊಂದನ್ನೇ ನಂಬದೆ, ಹಿಡಿಕೆ ಆಡಿಸಿ ಬಿಗಿಮಾಡುವ ರ‍್ಯಾಚೆಟ್ ಪಟ್ಟಿಯಿಂದ ಬಿಗಿಯಬೇಕು. ಊರಿಗೆ ಮರಳಿದ ಮೇಲೆ ಕ್ಯಾರಿಯರನ್ನು ಇಳಿಸಿ, ಗಟರಿನಲ್ಲಿ ಸೇರಿದ ಕೆಸರನ್ನು ತೊಳೆದು, ರಬ್ಬರಿನ ಅಡಿಯಲ್ಲಿ ಬಣ್ಣ ಸವೆದಿದ್ದರೆ ಅಂದೇ ಮುಚ್ಚಬೇಕು.