ಜಪಾನಿನ ಟೊಂಕಾತ್ಸು ಅಂಗಡಿಯಲ್ಲಿ ಊಟ: ಕೊಡಗಿನಿಂದ ಹೋಗುವವರಿಗೆ

ಪಂದಿಕರಿ ಉಂಡು ಬೆಳೆದವರಿಗೆ ಜಪಾನಿನಲ್ಲಿ ಊಟದ ಚಿಂತೆ ಅರ್ಧ ಕಡಿಮೆ. ಹಸಿ ಮೀನು ಒಗ್ಗದವರೂ ಟೊಂಕಾತ್ಸು ಅಂಗಡಿಗೆ ಧೈರ್ಯವಾಗಿ ಹೋಗಬಹುದು. ದಪ್ಪಗೆ ಕೊಯ್ದ ಹಂದಿಮಾಂಸಕ್ಕೆ ಉಪ್ಪು, ಕರಿಮೆಣಸು ಹಾಕಿ, ಮೈದಾ, ಮೊಟ್ಟೆ, ಒರಟು ಬ್ರೆಡ್ ಪುಡಿ ಹೊದಿಸಿ ಎಣ್ಣೆಯಲ್ಲಿ ಮುಳುಗಿಸಿ ಕರಿದ ಅಡುಗೆ ಇದು. ಟೋಕಿಯೊದ ಗಿಂಜಾದಲ್ಲಿರುವ ರೆಂಗಾತೇಯಿ ಹೋಟೆಲು 1899ರ ಸುಮಾರಿಗೆ ಇದರ ಮೊದಲ ರೂಪವನ್ನು ಬಡಿಸಿತು. ಖಾರ, ಹುಳಿ, ಹುರಿದ ಮಸಾಲೆ ಯಾವುದೂ ಇರುವುದಿಲ್ಲ. ಮಾಂಸ ಮತ್ತು ಕೊಬ್ಬಿನ ರುಚಿಯೇ ಇಲ್ಲಿ ಮುಖ್ಯ, ಅದನ್ನು ಮುಚ್ಚಿಹಾಕದಂತೆ ತಿನ್ನುವುದೇ ಕಲಿಯಬೇಕಾದ್ದು.

ಹೆಚ್ಚಿನ ಅಂಗಡಿಗಳು ಬೆಳಿಗ್ಗೆ 11ರ ಹೊತ್ತಿಗೆ ತೆರೆದು, ಮಧ್ಯಾಹ್ನ 2–3ಕ್ಕೆ ಮುಚ್ಚಿ, ಮತ್ತೆ ಸಂಜೆ 5ಕ್ಕೆ ತೆರೆಯುತ್ತವೆ. ಮುಚ್ಚುವ ಅರ್ಧ ಗಂಟೆ ಮೊದಲೇ ಆರ್ಡರ್ ನಿಲ್ಲಿಸುವುದು ವಾಡಿಕೆ. ಬಾಗಿಲ ಹತ್ತಿರ ಹಾಳೆಯಿದ್ದರೆ ಹೆಸರನ್ನೂ ಎಷ್ಟು ಜನ ಎಂಬುದನ್ನೂ ಬರೆದು ಕಾಯಿರಿ. ಅಗ್ಗದ ಅಂಗಡಿಗಳಲ್ಲಿ ಒಳಗೆ ಬಂದ ತಕ್ಷಣ ಟಿಕೆಟ್ ಯಂತ್ರ ಕಾಣುತ್ತದೆ, ಹಣ ಹಾಕಿ ಚೀಟಿ ಪಡೆದೇ ಕೂರಬೇಕು.

ಆಯ್ಕೆ ಮುಖ್ಯವಾಗಿ ಎರಡು. ರೋಸು ಅಂದರೆ ಬೆನ್ನಿನ ಮಾಂಸ, ಒಂದು ಅಂಚಿಗೆ ಕೊಬ್ಬಿನ ಪಟ್ಟಿ ಇರುತ್ತದೆ. ಹಿರೆ ಅಂದರೆ ಕೊಬ್ಬಿಲ್ಲದ ಮೃದು ತುಂಡು. ಕೊಡಗಿನವರಿಗೆ ರೋಸುವೇ ಸರಿ, ಕೊಬ್ಬು ಬಿಟ್ಟರೆ ಈ ಅಡುಗೆಯ ಅರ್ಧ ರುಚಿ ಹೋಯಿತು. ಕಾಗೋಶಿಮಾದ ಕಪ್ಪು ಹಂದಿ, ಕುರೋಬುತಾ, ಮೆನುವಿನಲ್ಲಿದ್ದರೆ ಬೆಲೆ ಹೆಚ್ಚಾದರೂ ಒಮ್ಮೆ ತಿನ್ನಿ. ‘ತೇಯಿಶೊಕು’ ಎಂದು ಕೇಳಿದರೆ ಅನ್ನ, ಹುದುಗಿಸಿದ ಸೋಯಾ ಕಾಳಿನ ಮಿಸೊ ಸೂಪ್, ಉಪ್ಪಿನಕಾಯಿ, ಸಣ್ಣಗೆ ಹೆಚ್ಚಿದ ಕೋಸು ಎಲ್ಲ ಸೇರಿದ ಊಟ ಬರುತ್ತದೆ. ಸಾಧಾರಣ ಅಂಗಡಿಯಲ್ಲಿ 1,500ರಿಂದ 2,500 ಯೆನ್ ಹಿಡಿದುಕೊಳ್ಳಿ.

ದನದ ಮಾಂಸ ತಿನ್ನದವರು ಇಲ್ಲಿ ಎಚ್ಚರದಿಂದಿರಬೇಕು. ಗ್ಯೂಕಾತ್ಸು ಪೂರ್ತಿ ದನದ್ದು. ಮೆಂಚಿಕಾತ್ಸು ಹೆಚ್ಚಾಗಿ ದನ, ಹಂದಿ ಎರಡರ ಕೈಮ. ಆಲೂಗಡ್ಡೆಯ ಕೊರೊಕ್ಕೆಯಲ್ಲೂ ದನದ ಕೈಮ ಇರಬಹುದು, ಕರಿದ ತುಂಡು, ಅನ್ನದ ಜೊತೆ ಸಾರು ಹಾಕಿ ಕೊಡುವ ‘ಕಾತ್ಸು ಕರಿ’ಯ ಸಾರಿನಲ್ಲೂ ಅಷ್ಟೇ. ಜೊತೆಯಲ್ಲಿ ಸಸ್ಯಾಹಾರಿಗಳಿದ್ದರೆ ಮಿಸೊ ಸೂಪಿನಲ್ಲಿ ಸಾಮಾನ್ಯವಾಗಿ ಮೀನಿನ ರಸ ಇರುತ್ತದೆ ಎಂದು ಹೇಳಿಬಿಡಿ. ಅವರನ್ನು ಈ ಅಂಗಡಿಗೆ ಕರೆತರದಿರುವುದೇ ಒಳ್ಳೆಯದು.

ಆರ್ಡರ್ ಕೊಟ್ಟ ಮೇಲೆ ಕರಿಯುವುದರಿಂದ ದಪ್ಪ ತುಂಡಿಗೆ 15–20 ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಕೆಲವು ಕಡೆ ಒಳಗೆಲ್ಲ ಗೀರುಗಳಿರುವ ಪುಟ್ಟ ಮಣ್ಣಿನ ಬಟ್ಟಲು, ಎಳ್ಳು, ಮರದ ಕೋಲು ತಂದಿಡುತ್ತಾರೆ. ಕೋಲನ್ನು ಸುತ್ತಿಸಿ ಅರೆಯಿರಿ, ಘಮ ಎದ್ದು ಎಳ್ಳು ಅರ್ಧ ನುಣುಪಾದರೆ ಸಾಕು. ಪೂರ್ತಿ ಪುಡಿಯಾದರೆ ಎಣ್ಣೆ ಬಿಟ್ಟು ಅಂಟಾಗುತ್ತದೆ. ಅದರ ಮೇಲೆ ದಪ್ಪ ಕಂದು ಸಾಸ್ ಸುರಿದು ಕಲಸಿಟ್ಟುಕೊಳ್ಳಿ.

ತಟ್ಟೆ ಬಂದಾಗ ತುಂಡುಗಳು ಕೊಯ್ದೇ ಇರುತ್ತವೆ, ಎಷ್ಟೋ ಕಡೆ ತಂತಿಜಾಲರಿಯ ಮೇಲೆ. ಅಡಿಯ ಹಬೆ ಹೊರಹೋಗಿ ಹೊದಿಕೆ ಮೆತ್ತಗಾಗದಿರಲಿ ಎಂದೇ ಆ ಜಾಲರಿ, ಆದ್ದರಿಂದ ತುಂಡುಗಳನ್ನು ಅಲ್ಲಿಂದ ಕೆಳಗಿಳಿಸಬೇಡಿ. ಮೊದಲು ನಡುವಿನ ತುಂಡನ್ನು ಏನೂ ಹಚ್ಚದೆ ತಿನ್ನಿ. ಎರಡನೆಯದಕ್ಕೆ ಬರೀ ಉಪ್ಪು. ಮೂರನೆಯದರಿಂದ ಸಾಸ್. ಅದನ್ನು ಇಡೀ ತಟ್ಟೆಗೆ ಸುರಿದರೆ ಐದು ನಿಮಿಷದಲ್ಲಿ ಗರಿಗರಿತನ ಹೋಗಿ ಹೊದಿಕೆ ಮಾಂಸದಿಂದ ಬಿಟ್ಟುಬರುತ್ತದೆ, ಒಂದೊಂದೇ ತುಂಡನ್ನು ಅದ್ದಿ ತಿನ್ನಿ. ಕೊಬ್ಬು ಹೆಚ್ಚಿರುವ ತುದಿಯ ತುಂಡಿಗೆ ಕರಾಶಿ ಸಾಸಿವೆಯನ್ನು ಹೆಸರುಕಾಳಿನಷ್ಟು ಹಚ್ಚಿ. ಹೆಚ್ಚಾದರೆ ಮೂಗಿಗೇರಿ ಕಣ್ಣಲ್ಲಿ ನೀರು ಬರುತ್ತದೆ. ನಿಂಬೆಯನ್ನು ಗರಿಗರಿ ಹೊದಿಕೆಯ ಮೇಲೆ ಹಿಂಡದೆ ಕೊಯ್ದ ಮಾಂಸದ ಮುಖಕ್ಕೆ ಹಿಂಡಿ. ಪಂದಿಕರಿಯಲ್ಲಿ ಕಾಚಂಪುಳಿಯ ಹುಳಿ ಕೊಬ್ಬಿನ ಜಿಡ್ಡು ಮುರಿಯುವಂತೆ ಇಲ್ಲಿ ನಿಂಬೆ, ಸಾಸಿವೆ ಮುರಿಯುತ್ತವೆ.

ಕೆಲವು ಹೆಸರುವಾಸಿ ಅಂಗಡಿಗಳಲ್ಲಿ ಮಾಂಸದ ನಡುವೆ ತೆಳು ಗುಲಾಬಿ ಬಣ್ಣ ಉಳಿಸುತ್ತಾರೆ. ಹಸಿ ಹಂದಿಮಾಂಸ ಬಡಿಸುವುದನ್ನು ಜಪಾನ್ 2015ರಲ್ಲಿ ನಿಷೇಧಿಸಿದೆ. ಒಳಗಿನವರೆಗೆ 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ, ಅಥವಾ ಅದಕ್ಕೆ ಸಮನಾಗಿ ಬೇಯಿಸಬೇಕೆಂಬುದು ನಿಯಮ. ಸರಿಯಾಗಿ ಬೆಂದ ಮಾಂಸವೂ ಗುಲಾಬಿಯಾಗಿ ಕಾಣಬಹುದು. ಆದರೆ ನಡುವೆ ತಣ್ಣಗಿದ್ದು, ಮೆತ್ತಗೆ ಹಸಿಯಾಗಿ ಕಂಡರೆ ತಟ್ಟೆ ತೋರಿಸಿ ಮತ್ತೆ ಬೇಯಿಸಲು ಕೇಳಿ, ಸಂಕೋಚ ಬೇಡ.

ಕೋಸು, ಅನ್ನ, ಸೂಪ್ ಮತ್ತೆ ಬೇಕಾದರೆ ‘ಒಕಾವಾರಿ ಒನೆಗಾಯ್ಶಿಮಾಸ್’ ಎನ್ನಿ. ಎಷ್ಟೋ ಅಂಗಡಿಗಳಲ್ಲಿ ಕೋಸಾದರೂ ಪುಕ್ಕಟೆ, ಉಳಿದದ್ದು ಒಂದೊಂದು ಕಡೆ ಒಂದೊಂದು ರೀತಿ. ಕೇಳಿ ಹಾಕಿಸಿಕೊಂಡದ್ದನ್ನು ಬಿಡಬೇಡಿ. ಚಾಪ್‌ಸ್ಟಿಕ್ಕನ್ನು ಅನ್ನದಲ್ಲಿ ನೆಟ್ಟಗೆ ಚುಚ್ಚಬಾರದು, ಅಲ್ಲಿ ಸತ್ತವರಿಗೆ ಅನ್ನವಿಡುವ ಕ್ರಮ ಅದು. ಊರಿನಿಂದ ಪಂದಿ ಉಪ್ಪಿನಕಾಯಿ ಒಯ್ಯುವ ಯೋಚನೆಯನ್ನೂ ಬಿಡಿ. ಪರೀಕ್ಷಾ ಪತ್ರವಿಲ್ಲದ ಮಾಂಸದ ಪದಾರ್ಥ ಜಪಾನಿಗೆ ತರುವುದು ಅಪರಾಧ, ವಿಮಾನ ನಿಲ್ದಾಣದಲ್ಲೇ ಕಸಿದುಕೊಳ್ಳುತ್ತಾರೆ.

ಬಿಲ್ಲನ್ನು ಬಾಗಿಲ ಬಳಿಯ ಕೌಂಟರಿನಲ್ಲಿ ಕಟ್ಟಿ. ಹಣವನ್ನು ಕೈಗೆ ಕೊಡದೆ ಅಲ್ಲಿರುವ ಪುಟ್ಟ ತಟ್ಟೆಯಲ್ಲಿಡಿ. ಟಿಪ್ಸ್ ಇಡುವ ರೂಢಿಯಿಲ್ಲ, ಇಟ್ಟರೆ ಮರೆತು ಹೋದಿರೆಂದು ಹಿಂದೆ ಓಡಿ ಬಂದು ಕೊಡುತ್ತಾರೆ. ಸಣ್ಣ ಅಂಗಡಿಗಳಲ್ಲಿ ಕಾರ್ಡು ನಡೆಯದಿರಬಹುದು, ನಗದು ಇಟ್ಟುಕೊಂಡೇ ಹೋಗಿ.