ಪಂಪ್ ಬದಲಿಸುವ ಮುಂಚೆ ಗೇಜ್ ಹಾಕಿ ನೋಡಿ

ಫ್ಲೈಓವರ್ ಏರುವಾಗ ಹಳೆಯ ಎಂಪಿಎಫ್‌ಐ (ಪ್ರತಿ ಸಿಲಿಂಡರ್‌ಗೂ ಇಂಜೆಕ್ಟರ್ ಮೂಲಕ ಪೆಟ್ರೋಲ್ ಚಿಮ್ಮಿಸುವ) ಕಾರಿನ ಪಿಕಪ್ ಬಿದ್ದು, ಸಮತಟ್ಟಿಗೆ ಬಂದ ಮೇಲೆ ಸರಿಹೋದರೆ ಇಂಜಿನ್‌ಗೆ ಪೆಟ್ರೋಲ್ ಸಾಲುತ್ತಿಲ್ಲ ಎಂಬ ಗುಮಾನಿ ಮೊದಲು ಬರಬೇಕು. ಬೆಳಿಗ್ಗೆ ಮೂರು ನಾಲ್ಕು ಸಲ ಸೆಲ್ಫ್ ಹೊಡೆದ ಮೇಲಷ್ಟೇ ಸ್ಟಾರ್ಟ್ ಆಗುವುದೂ ಪೆಟ್ರೋಲ್ ಪ್ರೆಷರ್ ತೊಂದರೆಯೇ ಇರಬಹುದು, ಆದರೆ ಕಾರಣ ಬೇರೆ. ಎರಡಕ್ಕೂ ಬೆಂಗಳೂರಿನ ಬಿಡಿಭಾಗಗಳ ಮಾರುಕಟ್ಟೆಯಾದ ಜೆ.ಸಿ. ರಸ್ತೆಯಿಂದ ಟ್ಯಾಂಕಿನೊಳಗಿನ ಫ್ಯೂಯಲ್ ಪಂಪ್ ಹೊಸದು ತಂದು ಕೂರಿಸಿದರೆ ದುಡ್ಡು ದಂಡವಾಗುವುದೇ ಹೆಚ್ಚು.

ಕೀ ಆನ್ ಮಾಡಿದ ತಕ್ಷಣ ಟ್ಯಾಂಕಿನ ಕಡೆಯಿಂದ ಎರಡು ಮೂರು ಸೆಕೆಂಡ್ ಗುಂಯ್ ಎನ್ನಬೇಕು. ಸದ್ದಿಲ್ಲದಿದ್ದರೆ ಫ್ಯೂಸ್, ರಿಲೇ ನೋಡಿ. ಪಂಪ್ ಓಡುತ್ತಿರುವಾಗಲೇ ಅದರ ಕನೆಕ್ಟರ್‌ನಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯ ವೋಲ್ಟೇಜ್‌ಗಿಂತ ಒಂದು ವೋಲ್ಟ್‌ಗೂ ಮೀರಿ ಕಡಿಮೆಯಿದ್ದರೆ ತಪ್ಪು ಪಂಪಿನದಲ್ಲ, ವೈರಿಂಗಿನದು. ತುಕ್ಕು ಹಿಡಿದ ಅರ್ತ್ ಪಾಯಿಂಟ್ ಉಜ್ಜಿದರೆ ಎಷ್ಟೋ ಸಲ ಸರಿಹೋಗುತ್ತದೆ.

ಪೆಟ್ರೋಲ್ ಪ್ರೆಷರ್ ಅಳೆಯುವ ಗೇಜ್ ಹಾಕಲು ಮೊದಲು ಪ್ರೆಷರ್ ಇಳಿಸಬೇಕು. ಇಂಜಿನ್ ಓಡುತ್ತಿರುವಾಗ ಪಂಪಿನ ರಿಲೇ ಕಿತ್ತು, ಇಂಜಿನ್ ತಾನಾಗಿ ನಿಂತ ಮೇಲೆ ಕೀ ಆಫ್ ಮಾಡಿ ಬ್ಯಾಟರಿ ನೆಗೆಟಿವ್ ತೆಗೆಯಿರಿ. ಇಂಜಿನ್ ತಣ್ಣಗಿರಲಿ, ಜಾಯಿಂಟ್ ಬಿಚ್ಚುವಾಗ ಮೇಲೆ ಬಟ್ಟೆಯಿರಲಿ. ಇಂಜೆಕ್ಟರ್ ರೇಲ್‌ಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆಗೆ) ಹೋಗುವ ಹೋಸ್‌ನಲ್ಲಿ ಟಿ ಜಾಯಿಂಟ್ ಕೊಟ್ಟು ಏಳು ಬಾರ್‌ವರೆಗಿನ ಗೇಜ್ ಕೂರಿಸಿ. ರಿಲೇ, ಬ್ಯಾಟರಿ ಮತ್ತೆ ಜೋಡಿಸಿ ಕೀ ಆನ್ ಮಾಡಿದಾಗ ಲೀಕ್ ಇಲ್ಲವೆಂದು ಖಾತ್ರಿಯಾಗುವವರೆಗೆ ಸ್ಟಾರ್ಟ್ ಮಾಡಬೇಡಿ.

ಮಿಕ್ಕ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಹೋಸ್ ಇರುವ ಬಹುತೇಕ ಹಳೆಯ ಕಾರುಗಳಲ್ಲಿ ಕೀ ಆನ್‌ಗೆ ಸುಮಾರು 3 ಬಾರ್, ಐಡಲ್‌ನಲ್ಲಿ ಅದಕ್ಕಿಂತ ಅರ್ಧ ಬಾರ್ ಕಡಿಮೆ ತೋರಿಸುತ್ತದೆ. ನಿಖರ ಅಂಕಿ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿರುತ್ತದೆ. ಐಡಲ್‌ನಲ್ಲಿರುವಾಗಲೇ ರೆಗ್ಯುಲೇಟರ್‌ನ (ಪೆಟ್ರೋಲ್ ಪ್ರೆಷರನ್ನು ಹದದಲ್ಲಿಡುವ ಭಾಗದ) ವ್ಯಾಕ್ಯೂಮ್ ಹೋಸ್ ಕಿತ್ತರೆ ಮುಳ್ಳು ಮೇಲೇರಬೇಕು. ಆ ಹೋಸ್‌ನೊಳಗೆ ಪೆಟ್ರೋಲ್ ಕಂಡರೆ ರೆಗ್ಯುಲೇಟರ್ ಒಳಗಿನ ಪೊರೆ, ಅಂದರೆ ಡಯಾಫ್ರಂ ಹರಿದಿದೆ, ಮೈಲೇಜ್ ಬಿದ್ದು ಕಪ್ಪು ಹೊಗೆ ಬರುತ್ತಿದ್ದುದೂ ಅದರಿಂದಲೇ ಇರಬಹುದು.

ಪ್ರೆಷರ್ ಕಡಿಮೆಯಿದ್ದರೆ ರಿಟರ್ನ್ ಹೋಸನ್ನು ಬಟ್ಟೆ ಸುತ್ತಿ ಒಂದು ಕ್ಷಣ ಮಾತ್ರ ಒತ್ತಿ ಹಿಡಿಯಿರಿ. ಹೋಸ್ ಗಟ್ಟಿಯಾಗಿದ್ದರೆ ಒತ್ತಬೇಡಿ, ಸೀಳುತ್ತದೆ. ಮುಳ್ಳು ಸರ್ರನೆ ಏರಿದರೆ ಪಂಪ್ ಚೆನ್ನಾಗಿದೆ, ರೆಗ್ಯುಲೇಟರ್ ಹೋಗಿದೆ. ಏರದಿದ್ದರೆ ಮೊದಲು ಫಿಲ್ಟರ್ ಬದಲಿಸಿ, ಆಮೇಲೆ ಟ್ಯಾಂಕಿನೊಳಗಿನ ಜಾಲರಿ ನೋಡಿ, ಕೊನೆಗೆ ಪಂಪ್.

ಇಂಜಿನ್ ಆಫ್ ಮಾಡಿ ಒಂದು ನಿಮಿಷ ಕಳೆದರೂ ಮುಳ್ಳು 2 ಬಾರ್ ಆಸುಪಾಸು ನಿಂತಿರಬೇಕು. ಬೇಗ ಇಳಿದರೆ ಬೆಳಗಿನ ಸ್ಟಾರ್ಟಿಂಗ್ ತೊಂದರೆಗೆ ಕಾರಣ ಸಿಕ್ಕಂತೆ: ರಿಟರ್ನ್ ಒತ್ತಿದಾಗ ನಿಂತರೆ ರೆಗ್ಯುಲೇಟರ್, ಪಂಪಿನಿಂದ ಬರುವ ಹೋಸ್ ಒತ್ತಿದಾಗ ನಿಂತರೆ ಪಂಪಿನ ಚೆಕ್ ವಾಲ್ವ್ (ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಕವಾಟ), ಎರಡಕ್ಕೂ ನಿಲ್ಲದಿದ್ದರೆ ಯಾವುದೋ ಇಂಜೆಕ್ಟರ್ ತೊಟ್ಟಿಕ್ಕುತ್ತಿದೆ. ಗೇಜ್ ಇಲ್ಲದವರು ಕೀಯನ್ನು ಮೂರು ಸಲ ಆನ್ ಆಫ್ ಮಾಡಿ ಸೆಲ್ಫ್ ಹೊಡೆದು ನೋಡಿ. ತಕ್ಷಣ ಹಿಡಿದರೆ ರಾತ್ರಿಯೆಲ್ಲ ಪ್ರೆಷರ್ ಇಳಿಯುತ್ತಿದೆ ಎಂದೇ ಲೆಕ್ಕ.

2023ರ ಫೆಬ್ರವರಿಯಲ್ಲಿ ಇದೇ ಬೆಂಗಳೂರಿನಲ್ಲಿ ಬಿಡುಗಡೆಯಾದ ಇ20 (ಶೇಕಡ 20 ಎಥನಾಲ್ ಬೆರೆಸಿದ) ಪೆಟ್ರೋಲ್ ಹಳೆಯ ರಬ್ಬರ್ ಹೋಸ್‌ಗಳಿಗೆ ಒಳ್ಳೆಯದಲ್ಲ. ಗೇಜ್ ತೆಗೆಯುವಾಗ ಹೋಸ್‌ಗಳನ್ನು ಬಗ್ಗಿಸಿ ನೋಡಿ, ಬಿರುಕು ಕಂಡರೆ ಎಥನಾಲ್ ತಡೆಯುವ ಇಂಜೆಕ್ಷನ್ ಹೋಸನ್ನೇ ಕೇಳಿ ಹಾಕಿಸಿ. ಸಿಲ್ಕ್ ಬೋರ್ಡ್ ಜಾಮ್‌ನಲ್ಲಿ ರಿಸರ್ವ್‌ನಲ್ಲೇ ಓಡಿಸುವ ಅಭ್ಯಾಸವಿದ್ದರೆ ಬಿಡಿ. ಪಂಪನ್ನು ತಂಪಾಗಿಡುವುದು ಟ್ಯಾಂಕಿನ ಪೆಟ್ರೋಲೇ, ಕಾಲು ಟ್ಯಾಂಕ್ ಯಾವಾಗಲೂ ಇರಲಿ.